ಗಣಿತಸಾರಸಂಗ್ರಹದ ಹಾರಸಂಖ್ಯೆಗಳು: ೧೨೩೪೫೬೫೪೩೨೧ರ ಒಂದು ಪರಿಶೀಲನೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದೀರ್ಘವಾದ ಆಳ್ವಿಕೆಯನ್ನು ಕನ್ನಡಿಗರು ನೆನೆಯುವುದು ಬಹುಮಟ್ಟಿಗೆ ‘ಕವಿರಾಜಮಾರ್ಗ’ದ ಮೂಲಕವೇ. ನಾಡಿನ ಹೊರಗೆ ನೆಲಸಿದವರ ಸಭೆಗಳಲ್ಲಂತೂ ಆ ಗ್ರಂಥದ ಹೆಸರು ಕೇಳಿಬರದ ರಾಜ್ಯೋತ್ಸವವಿಲ್ಲ. ಅದೇ ಅರಸನನ್ನು ಆದಿಯಲ್ಲಿ ಸ್ತುತಿಸಿ, ಒಂಬತ್ತನೆಯ ಶತಮಾನದ ಮಧ್ಯಭಾಗದ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿತವಾದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ಕ್ಕೆ ಅಂತಹ ಭಾಗ್ಯ ದೊರೆತಿಲ್ಲ. ದೊರೆತಾಗಲೂ ಅದು ಹೊಗಳಿಕೆಯ ರೂಪದಲ್ಲಿ ಬಂದಿದೆಯೇ ಹೊರತು ಪರಿಶೀಲನೆಯ ರೂಪದಲ್ಲಿ ಅಲ್ಲ. ಆ ಗ್ರಂಥದ ಗುಣಾಕಾರ ಪ್ರಕರಣದಲ್ಲಿ ಬರುವ ಕೆಲವು ವಿಲಕ್ಷಣ ಸಂಖ್ಯೆಗಳನ್ನು ಎತ್ತಿ ತೋರಿಸಿ, ನೋಡಿರಿ, ಎಂತಹ ಸೋಜಿಗ, ಎಂದು ಹೇಳಿ ಮುಂದಕ್ಕೆ ಸಾಗುವುದು ವಾಡಿಕೆಯಾಗಿದೆ. ಆ ಸೋಜಿಗ ಯಾವ ಬಗೆಯದು, ಅದನ್ನು ಗ್ರಂಥಕಾರನು ಏತಕ್ಕಾಗಿ ಅಲ್ಲಿ ಇರಿಸಿದನು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಗ್ರಂಥದ ಮುದ್ರಣಚರಿತ್ರೆಯನ್ನು ಚುಟುಕಾಗಿ ಹೇಳಬಹುದು. ಮದರಾಸಿನ ಎಂ. ರಂಗಾಚಾರ್ಯರು ಇದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದ ಹಾಗೂ ಟಿಪ್ಪಣಿಗಳೊಡನೆ ೧೯೧೨ರಲ್ಲಿ ಪ್ರಕಟಿಸಿದರು. ಅದಕ್ಕೆ ಅಮೆರಿಕದ ಗಣಿತೇತಿಹಾಸಜ್ಞ ಡೇವಿಡ್ ಯೂಜೀನ್ ಸ್ಮಿತ್ ಅವರ ಪೀಠಿಕೆಯಿದೆ. ಎಲ್. ಸಿ. ಜೈನ್ ಅವರ ಹಿಂದೀ ಆವೃತ್ತಿ ೧೯೬೩ರಲ್ಲಿ ಸೊಲ್ಲಾಪುರದಿಂದಲೂ, ಪದ್ಮಾವತಮ್ಮನವರ ಕನ್ನಡ ಅನುವಾದಸಹಿತವಾದ ಆವೃತ್ತಿ ೨೦೦೦ದಲ್ಲಿ ಹೊಂಬುಜದಿಂದಲೂ ಹೊರಬಂದುವು. ತೆಲುಗಿನವರು ಈ ವಿಷಯದಲ್ಲಿ ಬಹಳ ಮುಂದಿದ್ದರು. ಪಾವುಲೂರಿ ಮಲ್ಲನನು ಹನ್ನೊಂದನೆಯ ಶತಮಾನದಲ್ಲಿಯೇ ಇದನ್ನು ತನ್ನ ಭಾಷೆಗೆ ತಂದನು.

ಪ್ರಕೃತ ವಿಚಾರಕ್ಕೆ ಬೇಕಾದದ್ದು ಗ್ರಂಥದ ‘ಪರಿಕರ್ಮವ್ಯವಹಾರ’ವೆಂಬ ಭಾಗ. ಸಂಕಲನ ವ್ಯವಕಲನಗಳ ಸಾಮಾನ್ಯ ಪಾಠವನ್ನು ಆಚಾರ್ಯನು ಹೇಳುವುದೇ ಇಲ್ಲ. ಅವು ವಿದ್ಯಾರ್ಥಿಗೆ ಬರುತ್ತವೆಂದೇ ಭಾವಿಸಿ ನೇರವಾಗಿ ಗುಣಾಕಾರದಿಂದ ತೊಡಗುತ್ತಾನೆ. ಮೊದಲಲ್ಲಿ ಜಿನಾಲಯಗಳಿಗೆ ಅರ್ಪಿತವಾದ ತಾವರೆ, ಮಣಿ ಮೊದಲಾದವುಗಳ ಲೆಕ್ಕಗಳು. ಅವುಗಳ ಜೊತೆಗೆ ವಸ್ತುವಿನ ಹಂಗಿಲ್ಲದೆ ಬರಿಯ ಅಂಕಿಗಳನ್ನೇ ಪೋಣಿಸಿದ ಕೆಲವು ಲೆಕ್ಕಗಳು ಬರುತ್ತವೆ. ಇವುಗಳ ಗುಣಲಬ್ಧವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹವುಗಳಲ್ಲಿ ಕೆಲವನ್ನು ಆಚಾರ್ಯನು ‘ಕಂಠಿಕೆ’, ಅರಸರು ಧರಿಸತಕ್ಕ ಕೊರಳ ಹಾರ, ಎಂದು ಕರೆಯುತ್ತಾನೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ಇವುಗಳ ನಡುವೆ ಅತ್ಯಂತ ಸುಂದರವಾದದ್ದು, ಅಷ್ಟೇ ಅತ್ಯಂತ ಕಪಟಿಯಾದದ್ದು, ೨೭೯೯೪೬೮೧ × ೪೪೧. ಇದರ ಫಲ ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಗೆ ಹನ್ನೊಂದು ಸ್ಥಾನಗಳು. ಆಚಾರ್ಯನೇ ಕೊಟ್ಟಿರುವ ಇಪ್ಪತ್ತನಾಲ್ಕು ಸ್ಥಾನನಾಮಗಳ ಪಟ್ಟಿಯಂತೆ ಇದರ ತುದಿಯ ಒಂದು ನಿಲ್ಲುವುದು ಅರ್ಬುದ ಸ್ಥಾನದಲ್ಲಿ.

ಇದನ್ನು ಕಪಟಿ ಎಂದುದಕ್ಕೆ ಕಾರಣವಿದೆ. ಆರು ಒಂದುಗಳ ಸಂಖ್ಯೆಯಾದ ೧೧೧೧೧೧ನ್ನು ಅದರಿಂದಲೇ ಗುಣಿಸಿದರೆ ಬರುವುದು ಇದೇ ೧೨೩೪೫೬೫೪೩೨೧. ಆ ರೂಪದಲ್ಲಿ ಲೆಕ್ಕವನ್ನು ಕೊಟ್ಟಿದ್ದರೆ ವಿದ್ಯಾರ್ಥಿಯು ಒಂದುಗಳ ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಕೂಡಿ, ಗುಣಾಕಾರದ ಶ್ರಮವಿಲ್ಲದೆಯೇ ಉತ್ತರವನ್ನು ಕಂಡುಬಿಡುತ್ತಿದ್ದನು. ಆಚಾರ್ಯನು ಹಾಗೆ ಮಾಡಲಿಲ್ಲ. ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಇವುಗಳಲ್ಲಿ ೩ ಮತ್ತು ೭ನ್ನು ಒಂದು ಕಡೆ ಸೇರಿಸಿದರೆ ೨೧, ಅದರ ವರ್ಗ ೪೪೧. ಉಳಿದ ೧೧, ೧೩, ೩೭ನ್ನು ಸೇರಿಸಿದರೆ ೫೨೯೧, ಅದರ ವರ್ಗ ೨೭೯೯೪೬೮೧. ಒಂದು ವರ್ಗಸಂಖ್ಯೆಯನ್ನು ಎರಡು ವರ್ಗಗಳಾಗಿ ಸೀಳಿ, ಸೀಳಿದ ಗುರುತನ್ನೂ ಮರೆಮಾಡಿ ವಿದ್ಯಾರ್ಥಿಯ ಮುಂದೆ ಇರಿಸಲಾಗಿದೆ. ೨೭೯೯೪೬೮೧ರ ಮುಖವನ್ನು ನೋಡಿದವರಿಗೆ ಅದರೊಳಗೆ ಇಂತಹ ಮಾಲೆಯ ಅರ್ಧಭಾಗ ಅಡಗಿದೆಯೆಂಬ ಸುಳಿವೂ ಹತ್ತುವುದಿಲ್ಲ.

ಈ ಸಂಖ್ಯೆಗೆ ಒಟ್ಟು ೨೪೩ ಭಾಜಕಗಳಿವೆ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದೂ ಎರಡು ಸಲ ಬರುವುದರಿಂದ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಮೂರನ್ನು ಐದು ಬಾರಿ ಗುಣಿಸಿದರೆ ೨೪೩. ಆದುದರಿಂದ ಇದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ೧೨೨ ಬಗೆಯಲ್ಲಿ ಬರೆಯಬಹುದು. ಒಂದರಿಂದ ಐದರವರೆಗೆ ಏರಿಳಿಯುವ ೧೨೩೪೫೪೩೨೧ನ್ನು ಹೀಗೆ ಸೀಳಹೊರಟರೆ ಅದರ ಮೂಲವಾದ ೧೧೧೧೧ರಲ್ಲಿ ದೊರೆಯುವುದು ೪೧ ಮತ್ತು ೨೭೧ ಎರಡೇ. ಏಳರವರೆಗೆ ಏರುವುದರ ಮೂಲವಾದ ೧೧೧೧೧೧೧ರಲ್ಲಿಯೂ ಎರಡೇ, ೨೩೯ ಮತ್ತು ೪೬೪೯. ಅವನ್ನು ಕೈಯಿಂದ ಹುಡುಕುವುದು ದಣಿವಿನ ಕೆಲಸ. ಆರು ಒಂದುಗಳಾದರೋ ೧೧೧ ಮತ್ತು ೧೦೦೧ ಎಂದು ಕಣ್ಣಳತೆಯಲ್ಲಿಯೇ ಒಡೆಯುತ್ತವೆ, ಒಡೆದ ಚೂರುಗಳು ಮತ್ತೆ ಸುಲಭವಾಗಿ ಒಡೆಯುತ್ತವೆ. ಏರಿಳಿತದ ಈ ಅಂದವು ಒಂಬತ್ತರವರೆಗೂ ನಡೆಯುತ್ತದೆ, ಹತ್ತು ಒಂದುಗಳಿಗೆ ಬಂದಾಗ ಮಾತ್ರ ಕೆಡುತ್ತದೆ. ಹೀಗಿರಲು ಆರರಲ್ಲಿಯೇ ನಿಂತದ್ದು ಆಕಸ್ಮಿಕವೆಂದು ಹೇಳುವುದು ಕಷ್ಟ.

ಹಾಗಾದರೆ ಈ ಸೀಳುವಿಕೆಯ ಉದ್ದೇಶವೇನು? ಬರಿಯ ಚಮತ್ಕಾರವೇ? ಇದಕ್ಕೆ ಉತ್ತರವು ಗ್ರಂಥದಲ್ಲಿಯೇ, ಈ ಉದಾಹರಣೆಗಳ ಮುಂಚೆಯೇ, ಇದೆ. ಗುಣಾಕಾರದ ಸೂತ್ರವನ್ನು ಹೇಳುವಾಗ ಆಚಾರ್ಯನು ಗುಣ್ಯವನ್ನೂ ಗುಣಕವನ್ನೂ ಬಾಗಿಲ ಕದಗಳಂತೆ ಹೊಂದಿಸಿ ಇರಿಸುವ ‘ಕಪಾಟಸಂಧಿ’ ವಿಧಾನವನ್ನು ವಿವರಿಸುತ್ತಾನೆ. ರಂಗಾಚಾರ್ಯರು ಗ್ರಹಿಸಿರುವ ಅರ್ಥದಂತೆ, ಅಲ್ಲಿ ಮೂರು ಮಾರ್ಗಗಳನ್ನು ಹೇಳಿದೆ. ಗುಣ್ಯವನ್ನು ಅದರದೇ ಒಂದು ಅಪವರ್ತನದಿಂದ ಭಾಗಿಸಿ ಗುಣಕವನ್ನು ಅದರಿಂದ ಗುಣಿಸಬಹುದು. ಗುಣಕವನ್ನು ಅದರ ಅಪವರ್ತನದಿಂದ ಭಾಗಿಸಿ ಗುಣ್ಯವನ್ನು ಅದರಿಂದ ಗುಣಿಸಬಹುದು. ಅಥವಾ ಎರಡನ್ನೂ ಇದ್ದಂತೆಯೇ ಇಟ್ಟುಕೊಂಡು ಗುಣಿಸಬಹುದು. ಅಂದರೆ ಒಂದು ಕಡೆಯ ಅಪವರ್ತನವನ್ನು ಇನ್ನೊಂದು ಕಡೆಗೆ ದಾಟಿಸುವುದು ಇಲ್ಲಿಯ ಗುಣಾಕಾರದ ಮೊದಲ ಪಾಠ. ಮೊತ್ತವನ್ನು ಕದಲಿಸದೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸಿದಂತೆ.

ಈ ಸೂತ್ರವನ್ನು ಕೈಯಲ್ಲಿ ಹಿಡಿದು ಹಾರಸಂಖ್ಯೆಗಳ ಬಳಿಗೆ ಮರಳಿದರೆ ಚಿತ್ರವೇ ಬದಲಾಗುತ್ತದೆ. ೧೧೦೧೧೦೧೧ × ೯೧ ಎಂಬಲ್ಲಿ ಗುಣ್ಯದಿಂದ ೧೧ನ್ನು ತೆಗೆದು ಗುಣಕಕ್ಕೆ ಸೇರಿಸಿರಿ. ಲೆಕ್ಕವು ೧೦೦೧೦೦೧ × ೧೦೦೧ ಆಗುತ್ತದೆ, ಬರೆಯದೆಯೇ ಉತ್ತರ ಹೇಳಬಹುದು. ೩೩೩೩೩೩೬೬೬೬೬೭ × ೩೩ರಲ್ಲಿ ಗುಣಕದ ೩ನ್ನು ಗುಣ್ಯಕ್ಕೆ ದಾಟಿಸಿರಿ. ಅದು ೧೦೦೦೦೦೧೦೦೦೦೦೧ × ೧೧ ಆಗುತ್ತದೆ. ಹದಿನಾಲ್ಕು ಸ್ಥಾನಗಳ, ಮಹಾಖರ್ವದವರೆಗೆ ಹೋಗುವ ಫಲ ಬಾಯಲ್ಲಿಯೇ ಬರುತ್ತದೆ. ೧೫೨೨೦೭ × ೭೩ರಲ್ಲಿ ೧೩೭ನ್ನು ದಾಟಿಸಿದರೆ ೧೧೧೧ × ೧೦೦೦೧. ೧೪೨೮೫೭೧೪೩ × ೭ರಲ್ಲಿ ೧೪೩ನ್ನು ದಾಟಿಸಿದರೆ ೯೯೯೦೦೧ × ೧೦೦೧. ೧೨೩೪೫೬೭೯ × ೯ರಲ್ಲಿ ಮೊದಲು ೩೭ನ್ನು ಬಲಕ್ಕೂ ಬಳಿಕ ೩ನ್ನು ಎಡಕ್ಕೂ ದಾಟಿಸಿದರೆ ೧೦೦೧೦೦೧ × ೧೧೧. ಕೊನೆಯದಾಗಿ ೨೭೯೯೪೬೮೧ × ೪೪೧: ಗುಣ್ಯದಿಂದ ೫೨೯೧ನ್ನು ದಾಟಿಸಿದರೆ ೫೨೯೧ × ೨೩೩೩೩೩೧, ಈಗ ೨೧ನ್ನು ಮರಳಿ ಈಚೆಗೆ ತಂದರೆ ೧೧೧೧೧೧ × ೧೧೧೧೧೧. ಎರಡು ಹೆಜ್ಜೆಗಳಲ್ಲಿ ಗುಟ್ಟು ಹೊರಬಿತ್ತು.

ಹೀಗೆ ನೋಡಿದಾಗ ಈ ಲೆಕ್ಕಗಳು ಗುಣಾಕಾರ ಪ್ರಕರಣದ ಅಂಚಿಗೆ ಹೊಲಿದ ಜರತಾರಿಯಲ್ಲ. ಸೂತ್ರದ ಪ್ರಯೋಗಕ್ಕೆಂದೇ ಸಿದ್ಧಪಡಿಸಿದ ಅಭ್ಯಾಸಗಳು ಎಂದು ಎಣಿಸಲು ಬಲವಾದ ಆಧಾರವಿದೆ. ಅಡ್ಡದಾರಿಯಿಂದ, ಅಂದರೆ ಇದ್ದಂತೆಯೇ ಗುಣಿಸುತ್ತ ಹೋದವನಿಗೂ ಉತ್ತರ ದೊರೆಯುತ್ತದೆ. ಅಪವರ್ತನಗಳನ್ನು ಗುರುತಿಸಬಲ್ಲವನಿಗೆ ಅದು ಶ್ರಮವಿಲ್ಲದೆ ದೊರೆಯುತ್ತದೆ. ಇಬ್ಬರ ನಡುವಣ ಅಂತರವನ್ನು ತೋರಿಸಿಕೊಡುವುದೇ ಇಲ್ಲಿಯ ಬೋಧನೆ. ಈ ವಾದಕ್ಕೆ ಬೇರೊಂದು ಬೆಂಬಲವೂ ಇದೆ. ಭಿನ್ನರಾಶಿಗಳ ಪ್ರಕರಣದಲ್ಲಿ ಆಚಾರ್ಯನು ‘ನಿರುದ್ಧ’ವೆಂಬ ಹೆಸರಿನಲ್ಲಿ ಛೇದಗಳ ಲಘುತಮ ಸಮಾಪವರ್ತ್ಯವನ್ನು ಕಂಡುಹಿಡಿಯುವ ಕ್ರಮವನ್ನು ಹೇಳಿದ್ದಾನೆ. ಸಂಖ್ಯೆಗಳನ್ನು ಅವುಗಳ ಅಪವರ್ತನಗಳ ಮೂಲಕ ನೋಡುವ ದೃಷ್ಟಿ ಅವನಿಗೆ ಸಹಜವಾಗಿತ್ತು.

ಇನ್ನೊಂದು ಉದಾಹರಣೆ ಈ ಊಹೆಯನ್ನು ಕೆಡಿಸುವಂತೆ ಮೊದಲು ತೋರುತ್ತದೆ. ೧೩೯ × ೧೦೯ = ೧೫೧೫೧. ಚಿಕ್ಕ ಲೆಕ್ಕ, ಚಿಕ್ಕ ಹಾರ. ಆದರೆ ೧೩೯, ೧೦೯ ಎರಡೂ ಅವಿಭಾಜ್ಯಗಳು. ದಾಟಿಸಲು ಯಾವ ಅಪವರ್ತನವೂ ಇಲ್ಲ. ಸೂತ್ರದ ಮೂರನೆಯ ಮಾರ್ಗವೊಂದೇ, ಇದ್ದಂತೆಯೇ ಗುಣಿಸುವುದೊಂದೇ, ಇಲ್ಲಿ ಸಲ್ಲುವುದು. ಇದನ್ನು ಆ ಮೂರನೆಯ ಮಾರ್ಗಕ್ಕೆ ಬೇಕೆಂದೇ ಆರಿಸಿದ ಉದಾಹರಣೆಯೆಂದು ಸಿದ್ಧಪಡಿಸುವುದು ಸಾಧ್ಯವಿಲ್ಲ. ಆದರೆ ಹೊಂದಿಕೆ ಗಮನಾರ್ಹವಾಗಿದೆ. ೧೫೧೫೧ ಒಡೆದದ್ದು ಹೇಗೆ ಎಂಬುದಕ್ಕೂ ಒಂದು ದಾರಿ ಕಾಣುತ್ತದೆ. ಅದಕ್ಕಿಂತ ದೊಡ್ಡದಾದ ಮೊದಲನೆಯ ವರ್ಗವು ೧೨೪ರ ವರ್ಗ, ಅಂದರೆ ೧೫೩೭೬. ಕಳೆದರೆ ಉಳಿಯುವುದು ೨೨೫, ಅದು ೧೫ರ ವರ್ಗ. ೧೨೪ಕ್ಕೆ ೧೫ನ್ನು ಕೂಡಿದರೆ ೧೩೯, ಕಳೆದರೆ ೧೦೯. ಎರಡು ಸಂಖ್ಯೆಗಳ ಮೊತ್ತ ಮತ್ತು ಅಂತರಗಳ ಗುಣಲಬ್ಧಕ್ಕೂ ವರ್ಗಗಳಿಗೂ ಇರುವ ಈ ಸಂಬಂಧವನ್ನು ಆಚಾರ್ಯನು ವರ್ಗಪ್ರಕರಣದಲ್ಲಿ ಬಳಸಿಕೊಂಡಿದ್ದಾನೆ. ಸಂಯುಕ್ತ ಸಂಖ್ಯೆಗಳನ್ನು ಹೀಗೆ ಒಡೆಯುವ ಕ್ರಮಕ್ಕೆ ಇಂದು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಹೆಸರಿದೆ. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬವರು ರೂಪಿಸಿದ ಗುಪ್ತಲಿಪಿಯಲ್ಲಿ ಎರಡು ಬೃಹತ್ತಾದ ಅವಿಭಾಜ್ಯಗಳ ಗುಣಲಬ್ಧವನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ. ಆ ಅವಿಭಾಜ್ಯಗಳು ಒಂದಕ್ಕೊಂದು ತೀರ ಸಮೀಪವಾಗಿರಬಾರದೆಂಬ ಎಚ್ಚರಿಕೆ ಅಲ್ಲಿರುವುದು ಈ ಕ್ರಮದ ಭಯದಿಂದಲೇ. ಆದರೆ ಇದರಿಂದ ಮಾನ್ಯಖೇಟದ ಕಾಲದಲ್ಲಿ ಗುಪ್ತಲಿಪಿಶಾಸ್ತ್ರವಿತ್ತೆಂದು ಯಾರೂ ಹೊರಡಬಾರದು. ಅಂತಹ ಉತ್ಸಾಹ ಈಚೆಗೆ ಅಪರೂಪವಲ್ಲ.

ಉತ್ಸಾಹಕ್ಕೆ ಮಿತಿ ಹಾಕುವ ಸಂಗತಿಗಳನ್ನೂ ಹೇಳಬೇಕು. ಇಂದಿನ ಅಪವರ್ತನ ಪಟ್ಟಿಯೊಡನೆ ಈ ಹಾರಗಳನ್ನು ಬಿಚ್ಚಿ ನೋಡಿದರೆ ಒಂದು ಬಾಂಧವ್ಯ ಹೊರಬೀಳುತ್ತದೆ. ೩೩೩೬೬೭ ಎಂಬ ಅವಿಭಾಜ್ಯವು ೧೧೧೧೧೧೧೧೧ರಲ್ಲಿಯೂ, ೧೦೦೨೦೦೨೦೦೧ರಲ್ಲಿಯೂ, ೧೧೦೦೦೦೧೧೦೦೦೦೧೧ರಲ್ಲಿಯೂ ಇದೆ. ೫೨೫೭೯ ಎಂಬ ಇನ್ನೊಂದು ೧೦೦೦೦೦೦೦೦೧ರಲ್ಲಿಯೂ ಆ ಹದಿನಾಲ್ಕು ಸ್ಥಾನದ ಹಾರದಲ್ಲಿಯೂ ಇದೆ. ಬೇರೆ ಬೇರೆ ಕೊರಳುಗಳಿಗೆಂದು ಮಾಡಿದ ಆಭರಣಗಳಲ್ಲಿ ಒಂದೇ ಗಣಿಯ ಹರಳು. ಆದರೆ ಆಚಾರ್ಯನಿಗೆ ಇದು ತಿಳಿದಿತ್ತೆಂದು ಊಹಿಸುವ ಅಗತ್ಯವೇ ಇಲ್ಲ. ೧೦೦೧, ೧೦೦೧೦೦೧, ೧೦೦೦೦೦೧೦೦೦೦೦೧ ಎಂಬ ಆಕಾರಗಳನ್ನು ಹಿಡಿದು ಕಟ್ಟಿದವನಿಗೆ ಈ ಬಾಂಧವ್ಯ ತಾನಾಗಿಯೇ ಬಂದು ಸೇರುತ್ತದೆ. ಅವಿಭಾಜ್ಯತೆಯ ಸಿದ್ಧಾಂತವನ್ನು ಅವನ ಮೇಲೆ ಹೊರಿಸಲು ಈ ಉದಾಹರಣೆಗಳು ಸಾಲವು. ಅವನು ತೋರಿಸಿರುವುದು ಒಡೆಯುವ ಕೌಶಲವನ್ನು; ಇನ್ನು ಒಡೆಯಲಾಗದ ಸಂಖ್ಯೆಗಳ ಬಗೆಗೆ ಇಲ್ಲಿ ಅವನು ಏನನ್ನೂ ಪ್ರತಿಪಾದಿಸಿಲ್ಲ.

ಆದರೂ ಎಲ್ಲ ಉದಾಹರಣೆಗಳೂ ಸಮನಾದ ಮೌಲ್ಯದವಲ್ಲ. ೧೨೩೪೫೬೭೯ × ೯ ಹೆಚ್ಚು ಪ್ರಸಿದ್ಧವಾಗಿದ್ದರೂ ಇವುಗಳಲ್ಲಿ ಅತ್ಯಂತ ಸುಲಭವಾದದ್ದು. ಒಂಬತ್ತು ಒಂದುಗಳನ್ನು ಒಂಬತ್ತರಿಂದ ಭಾಗಿಸಿದ ಯಾರಿಗಾದರೂ ಅದು ದೊರೆಯುತ್ತಿತ್ತು. ೧೫೨೨೦೭ × ೭೩ ಅಷ್ಟು ಮೆರೆಯುವುದಿಲ್ಲ, ಆದರೆ ಶೋಧನೆಯ ದೃಷ್ಟಿಯಿಂದ ಅದೇ ಮಿಗಿಲು. ಎಂಟು ಒಂದುಗಳಲ್ಲಿ ೧೧, ೧೦೧ ಎಂಬ ಅಪವರ್ತನಗಳು ಮೇಲೆಯೇ ತೇಲುತ್ತಿವೆ. ಅವನ್ನು ಬಿಟ್ಟು ೭೩ನ್ನು ಹೊರತೆಗೆಯಬೇಕಾದರೆ ೧೦೦೦೧ನ್ನು ಒಡೆಯಲು ಯಾರೋ ತಾಳ್ಮೆಯಿಂದ ಕುಳಿತಿರಲೇಬೇಕು. ಆ ಯಾರೋ ಮಹಾವೀರಾಚಾರ್ಯನೇ ಅಥವಾ ಅವನಿಗಿಂತ ಹಿಂದಿನ ಪರಂಪರೆಯವರೇ ಎಂಬುದನ್ನು ಉದಾಹರಣೆಗಳು ಹೇಳುವುದಿಲ್ಲ. ಗ್ರಂಥದ ಹೆಸರೇ ‘ಸಂಗ್ರಹ’.

ಆಚಾರ್ಯನ ಮೇಲೆ ಹೊರಿಸಬಹುದಾದ ನಿಜವಾದ ಆಕ್ಷೇಪಣೆ ಬೇರೆಯದು. ದಾಟಿಸುವ ಸೂತ್ರವನ್ನು ಹೇಳಿದವನು ಹಾರಗಳನ್ನು ಕಟ್ಟುವ ಸೂತ್ರವನ್ನು ಹೇಳಲಿಲ್ಲ. ವಿದ್ಯಾರ್ಥಿಯು ಇವನ್ನು ಬಿಡಿಸಲು ಕಲಿಯುತ್ತಾನೆ, ತಾನೇ ಒಂದನ್ನು ರಚಿಸಲು ಕಲಿಯುವುದಿಲ್ಲ. ಕ್ಷೇತ್ರಗಣಿತದಲ್ಲಿ ಇಷ್ಟಸಂಖ್ಯೆಗಳಿಂದ ತ್ರಿಭುಜ ಚತುರ್ಭುಜಗಳನ್ನು ರಚಿಸುವ ಬಗೆಯನ್ನು ಉದಾರವಾಗಿ ತಿಳಿಸುವ ಗ್ರಂಥಕಾರನು ಇಲ್ಲಿ ಮಾತ್ರ ಬಾಯಿ ಬಿಗಿಹಿಡಿದಿದ್ದಾನೆ.

ಈ ಲೆಕ್ಕಗಳ ಪ್ರಯೋಜನ ಮತ್ತೊಂದಿದೆ. ಗುಣಾಕಾರದ ಫಲ ಸರಿಯೇ ಎಂದು ನೋಡಲು ಅಂಕಿಗಳನ್ನು ಕೂಡಿ ಒಂಬತ್ತುಗಳನ್ನು ಕಳೆಯುವ ತಾಳೆಯನ್ನು ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ ಹೇಳುತ್ತದೆ. ಲೆಕ್ಕದ ಪುಸ್ತಕ ಬರೆಯುವವರಿಗೆ ಅದು ಬಹುಕಾಲ ಪರಿಚಿತವಾಗಿದ್ದ ತಾಳೆ. ೨೭೯೯೪೬೮೧ × ೪೪೧ರಲ್ಲಿ ಆ ತಾಳೆ ಕೈಕೊಡುತ್ತದೆ. ೪೪೧ ಒಂಬತ್ತರಿಂದ ಭಾಗವಾಗುವುದರಿಂದ ಗುಣ್ಯದಲ್ಲಿ ಯಾವ ಅಂಕಿ ತಪ್ಪಿದ್ದರೂ ಫಲವು ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ. ಪ್ರತಿಕಾರನೊಬ್ಬನು ೬ರ ಬದಲು ೫ ಬರೆದು ೨೭೯೯೪೫೮೧ ಎಂದು ಮಾಡಿದನೆಂದು ಇಟ್ಟುಕೊಳ್ಳೋಣ. ಫಲ ೧೨೩೪೫೬೧೦೨೨೧; ಅಂಕಿಗಳ ಮೊತ್ತ ೨೭, ತಾಳೆ ಸರಿ! ಆದರೆ ಕಣ್ಣು ಒಪ್ಪುವುದಿಲ್ಲ. ಆರರವರೆಗೆ ಏರಿದ ಸಾಲು ಥಟ್ಟನೆ ಮುರಿದಿದೆ. ಹಾರದ ಆಕಾರವೇ ಇಲ್ಲಿ ತಾಳೆ. ತಾಳೆಗರಿಯಿಂದ ತಾಳೆಗರಿಗೆ ನಕಲಾಗುತ್ತ ಬಂದ ಗ್ರಂಥದಲ್ಲಿ ಇದು ಸಣ್ಣ ಲಾಭವಲ್ಲ. ಕನ್ನಡ ಲಿಪಿಯ ಪ್ರತಿಗಳೂ ಸೇರಿದಂತೆ ರಂಗಾಚಾರ್ಯರು ಹೋಲಿಸಿ ನೋಡಬೇಕಾಗಿದ್ದ ಹಸ್ತಪ್ರತಿಗಳಲ್ಲಿ ಬೇರೆಡೆಯ ಪಾಠಾಂತರಗಳನ್ನು ಅರ್ಥಬಲದಿಂದ ತೀರ್ಮಾನಿಸಬೇಕು. ಇಲ್ಲಿ ಮಾತ್ರ ತಪ್ಪಿದ ಅಂಕಿಯನ್ನು ಉತ್ತರವೇ ಹಿಡಿದುಕೊಡುತ್ತದೆ.

ಅಂಕಿಗಳನ್ನು ಪದ್ಯದಲ್ಲಿ ಹೇಳುವ ಕ್ರಮವನ್ನೂ ಇಲ್ಲಿ ನೆನೆಯಬೇಕು. ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿಯೆಂದರೆ ಮೂರು ಎಂಬ ಭೂತಸಂಖ್ಯಾಪದ್ಧತಿಯಲ್ಲಿ ಅಂಕಿಗಳನ್ನು ಏಕಸ್ಥಾನದಿಂದ ಹೇಳುತ್ತ ಎಡಕ್ಕೆ ಬರೆಯುತ್ತ ಹೋಗುವುದು ರೂಢಿ. ಹೇಳುವ ಕ್ರಮಕ್ಕೂ ಬರೆದು ಓದುವ ಕ್ರಮಕ್ಕೂ ಇರುವ ಈ ವೈಪರೀತ್ಯದಲ್ಲಿ ಹೊಸಬರು ಎಡವುತ್ತಾರೆ. ಹಾರಸಂಖ್ಯೆಯಲ್ಲಿ ಎಡವಲು ಎಡೆಯೇ ಇಲ್ಲ. ಕಿವಿಯಿಂದ ಕೇಳಿದ ಕ್ರಮವೂ ಹಲಗೆಯ ಮೇಲೆ ಕಂಡ ಕ್ರಮವೂ ಒಂದೇ. ಗದ್ಯದಲ್ಲಿ ಅಂಕಿ ಬರೆದು ಲೆಕ್ಕ ಕಲಿತವರಿಗೆ ಈ ಸೊಗಸು ಅಷ್ಟಾಗಿ ತಟ್ಟದು. ಪದ್ಯವನ್ನು ಬಾಯಿಪಾಠ ಮಾಡಿ ಬಳಿಕ ಹಲಗೆಗೆ ಇಳಿಸುತ್ತಿದ್ದವರಿಗೆ ಅದು ಉತ್ತರದ ಮುದ್ರೆಯೇ ಆಗಿದ್ದಿರಬೇಕು.

ಕನ್ನಡದಲ್ಲಿ ಗಣಿತಗ್ರಂಥಗಳ ಪರಂಪರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ ಮೊದಲಾದವುಗಳಿಂದ ಮುಂದುವರಿಯಿತು. ಅವನ ಕೃತಿಗಳನ್ನು ಸಾಹಿತ್ಯಚರಿತ್ರೆಗಳು ಹೆಸರಿಸುತ್ತವೆ, ಕಾಲವನ್ನು ಚರ್ಚಿಸುತ್ತವೆ; ಒಳಗಿನ ಲೆಕ್ಕಗಳನ್ನು ಮಾಡಿ ನೋಡುವ ಗೋಜಿಗೆ ಹೋಗುವುದು ಕಡಿಮೆ. ಶಾಸನಗಳೂ ಹಸ್ತಪ್ರತಿಗಳೂ ದೂರದಲ್ಲಿರುವ ಮುಂಬಯಿ, ಪುಣೆ, ದಿಲ್ಲಿಗಳ ಕನ್ನಡ ವಾಚಕನಿಗೆ ಕಾಲನಿರ್ಣಯದ ಚರ್ಚೆಯಲ್ಲಿ ಇತರರ ಮಾತನ್ನು ನಂಬದೆ ಗತ್ಯಂತರವಿಲ್ಲ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಲು ಯಾರನ್ನೂ ನಂಬಬೇಕಾಗಿಲ್ಲ. ಗಣಿತಸಾರಸಂಗ್ರಹದ ಮುಂದಿನ ಕನ್ನಡ ಆವೃತ್ತಿ ಹೊರಡುವಾಗ ಈ ಉದಾಹರಣೆಗಳ ಕೆಳಗೆ ಉತ್ತರವನ್ನಷ್ಟೇ ಮುದ್ರಿಸದೆ, ಅಪವರ್ತನವನ್ನು ದಾಟಿಸಿದ ರೂಪವನ್ನೂ ಒಂದು ಸಾಲಿನಲ್ಲಿ ಕೊಟ್ಟರೆ ಸಾಕು. ೧೧೦೧೧೦೧೧ × ೯೧ರ ಕೆಳಗೆ ೧೦೦೧೦೦೧ × ೧೦೦೧. ೧೩೯ × ೧೦೯ರ ಕೆಳಗೆ, ದಾಟಿಸತಕ್ಕದ್ದು ಇಲ್ಲ ಎಂಬ ಟಿಪ್ಪಣಿ.